ಹದಿನೇಳನೆಯ ಕೋಟು

ಮ್ಯೂಸಿಯಮ್ಮಿನ ಹುಡುಗಿ ಬಂದಿದ್ದಳು ನಿನ್ನೆ,
ಕೈಯಲ್ಲಿ ರೆಕಾರ್ಡರು, ಕಾಲಲ್ಲಿ ದುಬಾರಿ ಬೂಟು.
ಹೇಳಿ ಗೆನೊವೇಫಾ ಅಜ್ಜಿ, ಅಂದಳು,
ಆ ನೆಲಮಾಳಿಗೆಯಲ್ಲಿ ಕೆಂಪು ಪಂಥ ಹುಟ್ಟಿದ್ದು ಹೇಗೆ?

ಪಂಥ!
ನಾನು ಕೋಟು ಕಾಯುತ್ತಿದ್ದವಳು, ತಾಯಿ.
ಹಗಲು ಮಗ್ಗದ ಮುಂದೆ, ರಾತ್ರಿ ಗೂಟಗಳ ಮುಂದೆ.
ವುಚ್ ಪಟ್ಟಣದಲ್ಲಿ ಆಗ ಪುಕ್ಕಟೆ ಸಿಗುತ್ತಿದ್ದದ್ದು
ಹತ್ತಿಯ ಧೂಳು, ಬಿಟ್ಟರೆ ಭಯ.

ಬಣ್ಣ ಅದ್ದುವ ಗಿರಣಿ ಮುಚ್ಚಿತ್ತು.
ಅದರ ಬಾಯ್ಲರ್ ಕೋಣೆಗೆ ಹದಿನಾಲ್ಕು ಮೆಟ್ಟಿಲು,
ಹನ್ನೊಂದನೆಯದು ಮುರುಕು.
ಅಲ್ಲಿ ಎಡವಿದವನು ಹೊಸಬ, ಇಲ್ಲವೇ ಪೊಲೀಸು.
ಕೆಳಗೆ ಒಂದು ಡ್ರಮ್ಮು, ಸೀಳುದನಿಯ ಸ್ಯಾಕ್ಸೊಫೋನು,
ಆಲೂಗಡ್ಡೆಯ ಸಾರಾಯಿ.
ಹಾಡು ಅನ್ನಲಾರೆ ಅದನ್ನು,
ಮಗ್ಗಕ್ಕೆ ಜ್ವರ ಬಂದ ಹಾಗಿತ್ತು.
ಮೊದಲ ರಾತ್ರಿ ಕಿವಿಗೆ ಹತ್ತಿ ತುರುಕಿಕೊಂಡೆ,
ಮೂರನೆಯ ರಾತ್ರಿ ತೆಗೆದೆ.

ಬಲ್ಬು ಸಿಗದ ಕಾಲ.
ಗಿರಣಿಯಲ್ಲಿ ಫೋಟೋ ತೊಳೆಯುವ ಕೋಣೆಯಿಂದ
ಒಂದು ಕೆಂಪು ಬಲ್ಬನ್ನು ತಲೆವಸ್ತ್ರದಲ್ಲಿ ಸುತ್ತಿ ತಂದವಳು ನಾನೇ.
ಕದ್ದೆ ಅನ್ನು, ಬೇಕಾದರೆ.
ಎರಡು ಚಳಿಗಾಲ ಅದೊಂದೇ ಬೆಳಕು.

ಬೊಗ್ನಾ, ಮಿರೋನ್, ತೊದಲುವ ತ್ಸೆಝಾರಿ
ಕುಣಿಯುವವರ ಬೆನ್ನ ಹಿಂದೆಯೇ ಗೋಡೆಗೆ
ಸುಣ್ಣ ಬಳಿದ ಹಿಟ್ಟಿನ ಚೀಲ ಹೊಡೆದು ಚಿತ್ರ ಬರೆಯುತ್ತಿದ್ದರು.
ಕೆಂಪು ಬೆಳಕಲ್ಲಿ ಕೆಂಪು ಕಾಣುವುದಿಲ್ಲ, ಗೊತ್ತಲ್ಲ?
ಬಿಳಿಯ ಮೇಲೆ ಬಳಿದರೆ ಬಳಿದದ್ದೇ ಸುಳ್ಳು.
ಹತ್ತುತ್ತಿಲ್ಲ, ಹತ್ತುತ್ತಿಲ್ಲ ಅಂತ ಬೊಗ್ನಾ
ಮೊಣಕೈವರೆಗೆ ಅದ್ದಿ ಅದ್ದಿ ಮೆತ್ತಿದಳು.
ಬೆಳಿಗ್ಗೆ ಹೊತ್ತು ಮೇಲೆ ತಂದರೆ
ಹಿಮದಲ್ಲಿ ಕುರಿ ಕಡಿದ ಹಾಗೆ!
ಟ್ರಾಮಿನವನು ಗಾಡಿ ನಿಲ್ಲಿಸಿ
ಎದೆಯ ಮೇಲೆ ಶಿಲುಬೆ ಬರೆದುಕೊಂಡ.

ನಕ್ಕರು. ಆಮೇಲೆ ನಗಲಿಲ್ಲ.
ಮರುರಾತ್ರಿ ಬೇಕೆಂದೇ ಬಂದರು, ಕಾಣದ್ದನ್ನು ಬಳಿಯಲು.
ಆರು ತಿಂಗಳಲ್ಲಿ ಊರಿನ ಅರ್ಧ ಚಿತ್ರಕಾರರ ಕಿಟಕಿಗೆ
ಕೆಂಪು ಕಾಗದ.
ರೋಗ ಇದು, ಅಂದ ಕಲಾಶಾಲೆಯ ಪ್ರೊಫೆಸರು;
ಒಂದು ಶನಿವಾರ ತಾನೇ ಇಳಿದು ಬಂದ,
ಹನ್ನೊಂದನೆಯದರಲ್ಲಿ ಎಡವಿದ.
ರಕ್ತದ ರೂಪಕ, ಎಂದು ಬರೆದ ವಾರ್ಸಾದ ವಿಮರ್ಶಕ.
ಹೊಗಳಿಯೇ ಬರೆದದ್ದು, ಪಾಪ.
ಅಧಿಕಾರಿ ಓದಿದ. ಲಾರಿ ಕಳಿಸಿದ.

ಆ ರಾತ್ರಿ ನನ್ನ ಗೂಟಗಳಲ್ಲಿ ಮೂವತ್ತೊಂದು ಕೋಟು.
ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ;
ಕಲ್ಲಿದ್ದಲು ಸುರಿಯುವ ಕಿಂಡಿಯಿಂದ ಅಂಗಿಯಲ್ಲೇ ಓಡಿದರು.
ವಾರದೊಳಗೆ ಒಬ್ಬೊಬ್ಬರಾಗಿ ನನ್ನ ಮನೆ ಬಾಗಿಲಿಗೆ,
ಹಿತ್ತಾಳೆಯ ಬಿಲ್ಲೆ ಚಾಚಿ.
ಮೂವತ್ತು.

ಹದಿನೇಳು ತ್ಸೆಝಾರಿಯದು.
ಜೇಬಿನಲ್ಲಿ ಟ್ರಾಮಿನ ಟಿಕೀಟು, ಅರ್ಧ ಈರುಳ್ಳಿ.
ಸ್ವೀಡನ್ನಿಗೆ ದಾಟಿದ ಅನ್ನುವವರಿದ್ದಾರೆ.
ಇರಲಿ.

ಬಲ್ಬಿನ ಮಾತು ಹುಡುಗಿಗೆ ರುಚಿಸಲಿಲ್ಲ,
ಅಲ್ಲಿಗೆ ಬಂದಾಗ ರೆಕಾರ್ಡರು ಆರಿಸಿದಳು.
ಮೂವತ್ತು ಬಿಲ್ಲೆ ಕೊಟ್ಟೆ.
ಗಾಜಿನ ಪೆಟ್ಟಿಗೆಯಲ್ಲಿ ಒಂದು ಮೊಳೆ ಖಾಲಿ ಬಿಡುತ್ತಾರಂತೆ.
ಕೋಟು ಕೇಳಿದಳು. ಇಲ್ಲ ಅಂದೆ.

ನಾಳೆ ಹಿಮ ಬೀಳುವುದಂತೆ,
ಬ್ರೆಡ್ಡು ತರಲು ಹೋಗಬೇಕು.
ತೋಳು ಸ್ವಲ್ಪ ಉದ್ದ,
ಮಡಿಚಿಕೊಂಡರಾಯಿತು.