ಬೋರಲು ಹಾಕಿ ನೋಡಬೇಕು

ಮುಖ ನೋಡಿ ಮಣೆ ಹಾಕುವುದು ಮನುಷ್ಯರಿಗೆ,
ಕುರ್ಚಿಗಾದರೆ ಬೋರಲು ಹಾಕಿ ಅಡಿ ನೋಡಬೇಕು,
ಅಂದ ಪುತ್ತಬ್ಬ.

ಇಸಾ ಟೌನಿನ ಹಳೇ ಸಾಮಾನಿನ ಸಂತೆ. ಶುಕ್ರವಾರ.
ಏಳು ಗಂಟೆಗೇ ಬಿಸಿಲು ಕತ್ತಿನ ಪಟ್ಟಿ ಹಿಡಿದಿದೆ.
ಬಿಟ್ಟುಹೋದವರ ಫ್ಯಾನು, ಬಿಟ್ಟುಹೋದವರ ಮಿಕ್ಸಿ,
ಯಾವುದೋ ಮಗುವಿನ ತೊಟ್ಟಿಲೊಳಗೆ ಮೂರು ಇಸ್ತ್ರಿಪೆಟ್ಟಿಗೆ.
ಇವುಗಳ ಹಿಂದೆ, ತಗಡಿನ ನೆರಳಲ್ಲಿ ಕುರ್ಚಿಗಳು,
ಮದುವೆಮನೆಯಲ್ಲಿ ಯಾರೂ ಮಾತಾಡಿಸದ
ದೊಡ್ಡಪ್ಪಂದಿರ ಹಾಗೆ
ಕೈ ಚಾಚಿಕೊಂಡು.

ಗುದೈಬಿಯಾದ ನಮ್ಮ ಎರಡು ಕೋಣೆಯಲ್ಲಿ
ಹನ್ನೊಂದು ವರ್ಷದಿಂದ ಬಿಳಿ ಪ್ಲಾಸ್ಟಿಕ್ಕಿನವು ನಾಲ್ಕು.
ಬಂದ ದಿನ, ಸದ್ಯಕ್ಕೆ ಅಂತ ತಂದದ್ದು.
ಸದ್ಯಕ್ಕೆ ಈ ಪರದೆ, ಸದ್ಯಕ್ಕೆ ಈ ಬಾಣಲೆ,
ಸದ್ಯಕ್ಕೆ ಈ ಹಲ್ಲಿನ ಆಸ್ಪತ್ರೆಯ ಕೆಲಸ.
ದಿನಕ್ಕೆ ಮೂವತ್ತು ಜನರನ್ನು ಒರಗು ಕುರ್ಚಿಯಲ್ಲಿ ಮಲಗಿಸಿ
ಬಾಯಿ ತೆರೆಯಿರಿ ಅನ್ನುವ ನಾನು
ಮನೆಗೆ ಬಂದು ಕೂತರೆ
ಬೆನ್ನಿಗೆ ಅಂಟುತ್ತಿತ್ತು ಸದ್ಯ.

ಪುತ್ತಬ್ಬ ಉಳ್ಳಾಲದವನು, ಬೆತ್ತ ಹೆಣೆಯುವ ಕೈ,
ಹೆಬ್ಬೆರಳಿನ ಉಗುರು ನಡುವೆ ಸೀಳಿದೆ.
ತಿರುಪು ಕಂಡರೆ ಮುಂದೆ ಹೋಗಿ, ಮರದ ಗೂಟ ಕಂಡರೆ ನಿಲ್ಲಿ.
ಸಣ್ಣ ತೂತಿನಿಂದ ಹಿಟ್ಟು ಉದುರಿದರೆ
ಒಳಗೆ ಬಾಡಿಗೆದಾರರಿದ್ದಾರೆ.
ವಾರ್ನಿಷು ಸುಳ್ಳು ಹೇಳ್ತದೆ ಅಕ್ಕ,
ಕೈಯ ತುದಿ ಸುಳ್ಳು ಹೇಳೂದಿಲ್ಲ.
ಅಲ್ಲಿ ಸವೆದಿದ್ದರೆ
ಯಾರೋ ಕೂತು ಕಾದಿದ್ದಾರೆ ಅಂತ ಅರ್ಥ.

ಒಂದನ್ನು ಮಗುಚಿದ.
ಅಡಿಪಟ್ಟಿಯಲ್ಲಿ ಸುಟ್ಟು ಒತ್ತಿದ ಅಕ್ಷರ: ಬೊಂಬಾಯಿ.
ಮುಂದಿನ ಅಂಕಿ ಅಳಿಸಿದೆ.
ತೇಗ. ಹಾಯಿಹಡಗಿನಲ್ಲಿ ಬಂದದ್ದಂತೆ,
ಮುತ್ತಿನ ವ್ಯಾಪಾರಿಯೊಬ್ಬರ ಮಜ್ಲಿಸಿನಲ್ಲಿತ್ತಂತೆ,
ಮುಹರಕಿನ ಮನೆ ಒಡೆದಾಗ ಬೀದಿಗೆ ಬಿತ್ತಂತೆ.
ಅಂತೆಗೆ ಹತ್ತು ದಿನಾರು, ಕಂತೆಗೆ ಹದಿನೈದು,
ಅಂತ ಗೊಣಗಿದರು ಜಯಕರ, ನನ್ನವರು.
ಅಂಗಡಿಯ ಮುದುಕ ಅಬು ಅದ್ನಾನ್
ಗಹ್ವಾ ಹೀರುತ್ತಾ ಇವರ ಲೆಕ್ಕಕ್ಕೆ ಕಣ್ಣೆತ್ತಲಿಲ್ಲ.
ನನಗೆ ಮಾತ್ರ ಕೈ ತೋರಿದ: ತಫದ್ದಲಿ.

ಕೂತೆ. ಬೆತ್ತ ಹರಿದಿತ್ತು, ಚೌಕಟ್ಟಿನ ಅಂಚಿಗೇ ಕೂತೆ.
ಪಾದ ಪೂರ್ತಿ ನೆಲ ಮುಟ್ಟಿತು.
ಬೆನ್ನಿಗೆ ಎಲ್ಲಿ ಬೇಕೋ ಅಲ್ಲಿಗೆ ಬಂತು ಮರ.
ಅಂಗೈ ಕೆಳಗೊಂದು ತಗ್ಗು;
ಯಾರೋ ಜಪಮಣಿ ಎಣಿಸಿದ್ದೋ,
ಹಡಗು ಇವತ್ತೂ ಬರಲಿಲ್ಲವೆಂದು ಉಜ್ಜಿದ್ದೋ,
ನನ್ನ ಹೆಬ್ಬೆರಳು ಅದಕ್ಕೆ ಸರಿಹೊಂದಿತು.

ಜಯಕರ ಎತ್ತಿ ನೋಡಿದರು.
ಹದಿನೈದು ಕಿಲೋ ಉಂಟು ಮಾರಾಯ್ತಿ,
ನಾಳೆ ಹೊರಡಿ ಅಂದರೆ ಯಾವ ಪೆಟ್ಟಿಗೆಗೆ ಹಾಕುವುದು?
ಅದಕ್ಕೇ ಬೇಕು, ಅಂದೆ.
ವಿಮಾನ ಹತ್ತದ್ದು ಒಂದಾದರೂ ಇರಲಿ ಮನೆಯಲ್ಲಿ.

ಆಮೇಲೆ ಆಸೆ ಬೆಳೆಯಿತು.
ಎಣ್ಣೆ ಕಂಪನಿಯ ಗುಮಾಸ್ತರ ತಿರುಗು ಕುರ್ಚಿ, ಈಗ ತಿರುಗುವುದಿಲ್ಲ.
ಮುಚ್ಚಿದ ಟಾಕೀಸಿನ ಮಡಚು ಕುರ್ಚಿ, ಬೆನ್ನ ಮೇಲೆ ನಲವತ್ತೇಳು.
ಒಂದಕ್ಕೊಂದು ಜೋಡಿಯೇ ಇಲ್ಲವಲ್ಲ, ಅಂದರು ಇವರು.
ನಾನು ಇವರ ಮುಖ ನೋಡಿದೆ,
ಏನೂ ಅನ್ನಲಿಲ್ಲ.

ಪುತ್ತಬ್ಬ ನಮ್ಮ ಬಚ್ಚಲಿನ ಬಕೆಟ್ಟಿನಲ್ಲಿ ಬೆತ್ತ ನೆನೆಹಾಕಿದ.
ಎರಡು ರಜೆ ಬಾಲ್ಕನಿಯಲ್ಲಿ ಕೂತು ಹೆಣೆದ,
ಬಿಗಿಯಾಯಿತೋ ನೋಡಲು
ತಬಲದ ಹಾಗೆ ತಟ್ಟಿದ.
ಒಂದು ಕಾಲು ಗಿಡ್ಡ. ಉಳಿದ ಮೂರನ್ನೂ ಕೊಯ್ಯಲೇ ಅಂತ ಕೇಳಿದ.
ಬೇಡವೆಂದು, ಊರಿಗೆ ಹಣ ಕಳಿಸಿದ ರಸೀದಿಯೊಂದನ್ನು
ನಾಲ್ಕು ಮಡಿಕೆ ಮಾಡಿ ಕೊಟ್ಟೆ.
ಸಾಲಲಿಲ್ಲ. ಇನ್ನೆರಡು ಕೊಟ್ಟೆ.

ರಾತ್ರಿ ಎಸಿ ನಿಂತಾಗ ಚಟ್ ಅನ್ನುತ್ತದೆ.
ಮೊದಲ ದಿನ ಇಬ್ಬರೂ ಎದ್ದು ಕೂತೆವು.
ಈಗ ಇವರು ನಿದ್ದೆಯಲ್ಲೇ ಹೂಂ ಅನ್ನುತ್ತಾರೆ.

ಪಕ್ಕದ ಮನೆಯ ಸೆವ್ರಿನಾ ಬಂದಳು ನಿನ್ನೆ.
ಸುತ್ತ ತಿರುಗಿ ನೋಡಿದಳು, ಬೆರಳಿಂದ ಬೆತ್ತ ಒತ್ತಿದಳು.
ಚಂದ ಉಂಟು. ಆದರೆ ಹೋಗುವಾಗ ಏನು ಮಾಡ್ತೀರಿ?
ಮೊದಲು ಕೂತ್ಕೊಳ್ಳಿ, ಅಂದೆ.

ಅವಳು ಮೂಲೆಯಿಂದ
ಪ್ಲಾಸ್ಟಿಕ್ಕಿನದನ್ನು ಎಳೆದುಕೊಂಡಳು.