ಗಗನಗೂಡು, ಸಂಚಿಕೆ ಹದಿನೇಳು

ಚಿಂತಾಮಣಿಯಿಂದ ಬಂದ ಹುಡುಗ ಹೊಸಿಲಲ್ಲೇ ನಿಂತು ಕೇಳಿದ:
ಹದಿನೇಳನೇ ಸಂಚಿಕೆ ನಿಮ್ಮ ಹತ್ತಿರ ಇದೆಯಂತೆ?
ಮಿಕ್ಕವೆಲ್ಲ ಸಿಕ್ಕಿವೆ ಅವನಿಗೆ, ನಲವತ್ತೆರಡೂ,
ಒಂದೊಂದಕ್ಕೂ ಪ್ಲಾಸ್ಟಿಕ್ ಕವರು, ಮದುವೆ ಸೀರೆಯ ಹಾಗೆ.

ಕೂತ್ಕೋಪ್ಪ, ಅಂದೆ.

ಶಿಡ್ಲಘಟ್ಟದಲ್ಲಿ ಆಗ ಭಾನುವಾರ ಹತ್ತಕ್ಕೆ
‘ಸಿತಾರಾ ನೌ’ ಬರುತ್ತಿತ್ತು, ಹಿಂದಿಯಲ್ಲಿ, ಹನ್ನೊಂದು ವರ್ಷ.
ನೌ ಅಂದರೆ ಒಂಬತ್ತೋ, ನೌಕೆಯೋ?
ಮೊದಲ ಸಂಚಿಕೆಯ ಮೂರು ಪುಟ ಇದೇ ಜಗಳ.
ಫಿಲೇಚರಿನ ಬಾಯ್ಲರ್ ನೋಡುವ ಪಿಳ್ಳಮುನಿಯಪ್ಪ ಸಂಪಾದಕರು.
ಖಲೀಲ ಚಿತ್ರಗಾರ. ಮೇಣದ ಹಾಳೆಯ ಮೇಲೆ ಮೊಳೆಯಲ್ಲಿ ಗೀರಿ
ಯಾವ ನೌಕೆ ಬರೆದರೂ ಅದಕ್ಕೊಂದು ಚರಕದ ಹಿಡಿ ಬಂದುಬಿಡುತ್ತಿತ್ತು.
ಆಕಾಶದಲ್ಲೂ ಯಾರಾದರೂ ತಿರುಗಿಸಬೇಕಲ್ಲ, ಎನ್ನುತ್ತಿದ್ದ.
ನಾನು ಟೈಪಿಸ್ಟು. ಇನ್‌ಸ್ಟಿಟ್ಯೂಟಿನ ಕನ್ನಡ ಮೆಷಿನ್ನು,
ಅದರ ಳಕಾರಕ್ಕೆ ಬಾಲವಿರಲಿಲ್ಲ.

ಹತ್ತೂಕಾಲಿಗೆ ಕೆ.ಇ.ಬಿ.ಯವರು ಕರೆಂಟ್ ತೆಗೆಯುತ್ತಿದ್ದರು.
ಕ್ಯಾಪ್ಟನ್ ಬಾಗಿಲಿಗೆ ಕೈ ಇಟ್ಟಿರುತ್ತಿದ್ದ,
ಪರದೆ ಒಂದು ಚುಕ್ಕೆಯಾಗುತ್ತಿತ್ತು,
ಆಮೇಲೆ ಚುಕ್ಕೆಯೂ ಇಲ್ಲ.
ಬಾಗಿಲಾಚೆ ಏನಿತ್ತು ಅನ್ನುವುದು ನಮ್ಮ ಪಾಲಿನ ಕೆಲಸ.
ಬೆಂಗಳೂರಲ್ಲಿ ಪೂರ್ತಿ ನೋಡಿದವರು ನಕ್ಕರು, ಹಾಗಲ್ಲ ಕಣ್ರೀ ಅದು.
ಇರಬಹುದು. ನಮ್ಮೂರಲ್ಲಿ ಹಾಗೇ ಆಯಿತು.

ಆ ನೌಕೆಯಲ್ಲಿ ನೂರು ವರ್ಷದಿಂದ
ಗಾಜಿನ ಗೂಡುಗಳಲ್ಲಿ ಜನ ಮಲಗಿದ್ದರು.
ಅದಕ್ಕೊಂದು ಪತ್ರ ಬಂತು, ಅಮೀರ್‌ಜಾನ್, ದಿಬ್ಬೂರಹಳ್ಳಿ ರಸ್ತೆ:
‘ಸ್ವಾಮಿ, ಗೂಡು ಕಟ್ಟಿ ಮಲಗಿದ್ದನ್ನ ಎಂಟು ದಿನದೊಳಗೆ
ಕುದಿನೀರಿಗೆ ಹಾಕೋದು ನನ್ನ ಕಸುಬು.
ನೂರು ವರ್ಷ ಮುಟ್ಟದೆ ಬಿಟ್ಟಿರೋರು ಯಾರು?
ಅವರ ವಿಳಾಸ ಕೊಡಿ.’
ಸಂಪಾದಕರು ಉತ್ತರ ಬರೆಯಲಿಲ್ಲ.
ಆ ರಾತ್ರಿ ಬಾಯ್ಲರಿಗೆ ಸೌದೆ ಹಾಕುವುದು ತಡವಾಯಿತಂತೆ.

ಹದಿನೇಳಕ್ಕೆ ಬರುತ್ತೇನೆ.
‘ನೌಕೆ ಕಳೆದುಕೊಂಡ ಕ್ಯಾಪ್ಟನ್’, ನಾನು ಹೊಡೆಯಬೇಕಾದದ್ದು.
ಅವತ್ತು ಬೆಳಿಗ್ಗೆ ಫಿಲೇಚರಿನ ಬೋರ್ಡಿಗೆ ಅಂಟಿಸಿದ ಪಟ್ಟಿಯಲ್ಲಿ
ಅಕ್ಕನ ಹೆಸರು ಆರನೆಯದು.
ಬೆರಳಿಗೆ ಅದೇ ಗೊತ್ತಿತ್ತೋ ಏನೋ, ಹೊಡೆಯಿತು:
‘ನೌಕರಿ ಕಳೆದುಕೊಂಡ ಕ್ಯಾಪ್ಟನ್.’
ತಿದ್ದುವ ಕೆಂಪು ಶಾಯಿ ಬಾಟಲಿಯಲ್ಲಿ ಒಣಗಿತ್ತು.
ನೂರಿಪ್ಪತ್ತು ಪ್ರತಿ ಹೊರಟೇಹೋದವು.

ಹದಿನಾಲ್ಕು ಕಾರ್ಡು ಬಂದವು.
ಕ್ಯಾಪ್ಟನ್‌ಗೆ ಮಕ್ಕಳೆಷ್ಟು?
ಪಿ.ಎಫ್. ಕೊಟ್ಟರಾ, ಇಲ್ಲಾ ಅದನ್ನೂ ನುಂಗಿದರಾ?
ವಿಜಯಪುರದ ಶೆಡ್ಡೊಂದರಲ್ಲಿ ಆಳು ಬೇಕಂತೆ,
ಅವರಿಗೆ ತಿಳಿಸಿ.

ತಿದ್ದುಪಡಿ ಹಾಕೋಣವಾ ಸಾರ್, ಕೇಳಿದೆ.
ಬೇಡಮ್ಮ, ಎಂದರು ಪಿಳ್ಳಮುನಿಯಪ್ಪ, ಕನ್ನಡಕ ಒರೆಸುತ್ತ,
ನೌಕೆ ಹೋದರೆ ಹೇಗಿರುತ್ತೆ ಅಂತ ಯಾರಿಗೆ ಗೊತ್ತು.

ಹದಿನೆಂಟರಿಂದ ನಮ್ಮ ಕ್ಯಾಪ್ಟನ್
ಕೆಲಸ ಕೇಳುತ್ತ ಗ್ರಹದಿಂದ ಗ್ರಹಕ್ಕೆ ಅಲೆದ.
ಟಿ.ವಿ.ಯವನು ಅದೇ ಹೊತ್ತಿಗೆ ಎಲ್ಲೋ ಯುದ್ಧ ಗೆಲ್ಲುತ್ತಿದ್ದ.
ಅವನ ವಿಷಯ ಯಾರೂ ಕಾರ್ಡು ಬರೆಯಲಿಲ್ಲ.

ಮಾರದೆ ಉಳಿದವನ್ನು ಅತ್ತೆ ಹುಳುವಿನ ತಟ್ಟೆಗೆ ಹಾಸಿದಳು.
ನಾಲ್ಕನೇ ಜ್ವರ. ಖಲೀಲನ ನೌಕೆಯ ಮೇಲೆ
ಸಾವಿರ ಹುಳು ತಲೆ ಎತ್ತಿ, ಅಲುಗದೆ,
ಸೊಪ್ಪು ಹಾಕಿದರೂ ಮೂಸದೆ,
ಮೇಲೆ ನೋಡುತ್ತ.
ಮೇಲೆ ಹೆಂಚಿತ್ತು, ಅಷ್ಟೆ.

ಟ್ರಂಕಿನ ತಳದಿಂದ ತೆಗೆದುಕೊಟ್ಟೆ. ಹಿಕ್ಕೆಯ ಕಲೆ,
ಒಂದು ಮೂಲೆ ಇಲ್ಲ. ಹುಡುಗ ಪುಟ ತಿರುವಿ
ಆ ಪದದ ಮೇಲೆ ಬೆರಳಿಟ್ಟು ಸುಮ್ಮನಾದ.
ಎಷ್ಟು ಕೊಡಲಿ ಮೇಡಂ? ಸಾವಿರ?
ಬೆಲೆ ಮುಖಪುಟದಲ್ಲೇ ಇದೆ, ನೋಡು:
ಒಂದೂವರೆ ರೂಪಾಯಿ.

ಜೇಬೆಲ್ಲ ತಡಕಿದ.
ಎಂಟಾಣೆ ಈಗ ಎಲ್ಲಿಂದ ತರುತ್ತಾನೆ ಪಾಪ.