ಆರನೆಯ ದಂಟು

ಕಂಕನಾಡಿಯ ಆಸ್ಪತ್ರೆಯಲ್ಲಿ ನೆಲ ಒರೆಸುವ ಗುಲಾಬಿಗೆ
ಅಲ್ಲಿಯೇ ಒಂದು ಚೀಟಿ ಸಿಕ್ಕಿತು:
ರಕ್ತ ಕಡಿಮೆ. ಸೊಪ್ಪು ತಿನ್ನಿ, ಮೀನು ತಿನ್ನಿ,
ದಿನಕ್ಕೊಂದು ಹಣ್ಣು.
ಓದಿ ಹೇಳಿದ ಹುಡುಗಿ ಒಳ್ಳೆಯವಳು,
'ಯಾವ ಹಣ್ಣಾದ್ರೂ ಸಾಕು ಆಂಟಿ' ಅಂದಳು.

ಬಸ್ಸಿಗೆ ಕಾಯುತ್ತ ಲೆಕ್ಕ ಹಾಕುತ್ತಾಳೆ.
ಹರಿವೆ ಮೂವತ್ತು, ಹೆಬ್ಬೆರಳು ದಪ್ಪದ ಕಟ್ಟು.
ಬೂತಾಯಿ, ಹಿಂದೆ ತೆಂಗಿನ ಬುಡಕ್ಕೆ ಸುರಿಯುತ್ತಿದ್ದ ಬೂತಾಯಿ,
ಈಗ ಐಸಿನ ಮೇಲೆ ಮಲಗಿದೆ,
ಕರೆದರೆ ತಿರುಗಿ ನೋಡುವುದಿಲ್ಲ.
ಪರೋಟ ಮಾತ್ರ ಹದಿನೈದು,
ಸಾರು ಬೇಕಾದಷ್ಟು.

ಎದುರಿನ ಎಸಿ ಹೋಟೆಲಿನಲ್ಲಿ
ಮಣ್ಣಿನ ಬಟ್ಟಲು, ಕುಚ್ಚಲಕ್ಕಿ ಗಂಜಿ, ಒಂದೇ ಒಂದು ಮಿಡಿ ಉಪ್ಪಿನಕಾಯಿ:
ಇನ್ನೂರ ಎಂಬತ್ತಂತೆ.
ಅಲ್ಲಿ ಪಾತ್ರೆ ತೊಳೆಯುವ ಕಮಲಕ್ಕ ಹೇಳಿದ್ದು.
ಗುಲಾಬಿಗೆ ನಗು ತಡೆಯಲಿಲ್ಲ.
ಹಾಗಾದರೆ ನನ್ನಮ್ಮ
ಲಕ್ಷಾಧೀಶ್ವರಿಯಾಗಿಯೇ ಸತ್ತದ್ದು.

ಬಿಕರ್ನಕಟ್ಟೆಯ ಬಾಡಿಗೆ ಕೋಣೆಯ ಹಿಂದೆ
ಸಿಂತಾಬಾಯಿಯ ಬಸಳೆ ಚಪ್ಪರ.
ಬರುವ ತಿಂಗಳು ಅಲ್ಲಿ ಹದಿನಾಲ್ಕು ಮಾಳಿಗೆ,
ಜೆಸಿಬಿಗೆ ಅಡ್ವಾನ್ಸ್ ಆಗಿದೆ.
ಅವರು ಅದನ್ನೇನೂ ಮಾತಾಡಲಿಲ್ಲ.
ಗೇಣುದ್ದದ ಆರು ದಂಟು ಕೊಯ್ದು ಕೊಟ್ಟು
ಖಾಲಿ ಪೈಂಟಿನ ಡಬ್ಬಿಯೊಂದನ್ನು ಕಾಲಲ್ಲಿ ತಳ್ಳಿದರು.
'ಅಡಿಗೆ ತೂತು ಮಾಡು. ಬೂದಿ ಹಾಕು.
ಅಕ್ಕಿ ತೊಳೆದ ನೀರು ಚೆಲ್ಲಬೇಡ ಮಾರಾಯ್ತಿ.'

ಐದು ದಂಟು ಅದೇ ರಾತ್ರಿ ಪದಾರ್ಥಕ್ಕೆ ಹೋದವು.
ಮಕ್ಕಳು ಕಾಯುವ ಜಾತಿಯಲ್ಲ.
ಆರನೆಯದು
ಈಗ ಕಿಟಕಿಯ ಸರಳು ಹಿಡಿದು
ಎರಡು ಎಲೆ ಬಿಟ್ಟಿದೆ,
ಓನರ್ ನೋಡದ ಬದಿಗೆ.